ಗ್ರಾಫಿಕ್ಸ್ ಕಾರ್ಡಿನ ಧೂಳು

ಗಂಗಾವತಿ
4-6-2009

ಅಪ್ಪನಿಗೆ ನಮಸ್ಕಾರ.

ಗಿಣಿಗೇರಾದ ಮನೆಯಿಂದ ತಮ್ಮ ಕಳಿಸಿದ್ದ ಕಂಪ್ಯೂಟರನ್ನು ನಾನೇ ರಿಪೇರಿ ಮಾಡಿದೆ. ಆಟ ಶುರುಮಾಡಿದ ಐದೇ ನಿಮಿಷಕ್ಕೆ ಅದು ಬಂದ್ ಆಗುತ್ತಿತ್ತು.

"ಗ್ರಾಫಿಕ್ಸ್ ಕಾರ್ಡ್ ಸತ್ತೈತಿ, ಹೊಸಾದು ಹಾಕವ್ವಾ" ಎಂದರು ನಮ್ಮ ರಿಪೇರಿ ಅಂಗಡಿ ಮಾಲೀಕರು.

"ಒಮ್ಮೆ ಬಿಚ್ಚಿ ನೋಡ್ತೀನ್ರಿ" ಎಂದೆ.

ಕಾರ್ಡಿನ ಫ್ಯಾನಿನ ತುಂಬ ನಿಮ್ಮ ಕಾರ್ಖಾನೆಯ ಕರಿ ಧೂಳು ಗಟ್ಟಿಯಾಗಿ ಕೂತಿತ್ತು. ಅದನ್ನು ಕೆರೆದು ತೆಗೆದು, ಚಿಪ್‌ಗೆ ಶಾಖ ಇಳಿಸುವ ಹೊಸ ಪೇಸ್ಟ್ ಹಚ್ಚಿದೆ. ತೊಂಬತ್ತು ಡಿಗ್ರಿ ದಾಟುತ್ತಿದ್ದ ಶಾಖ ಅರವತ್ತೈದಕ್ಕೆ ಇಳಿಯಿತು. ಆಟ ಮೂರು ತಾಸು ನಿಲ್ಲದೆ ಓಡಿತು. ಈಗ ಅಂಗಡಿಗೆ ಬರುವ ಕಾರ್ಡುಗಳೆಲ್ಲ ನನ್ನ ಮೇಜಿಗೇ ಬರುತ್ತವೆ.

ಆ ಕಂಪ್ಯೂಟರ್ ಎರಡೇ ವರ್ಷ ಮನೆಯೊಳಗಿತ್ತು. ನೀವು ಹತ್ತು ವರ್ಷದಿಂದ ಕುಲುಮೆಯ ಪಕ್ಕದಲ್ಲಿದ್ದೀರಿ. ಕೊಪ್ಪಳದ ಎದೆ ಡಾಕ್ಟರ ಹತ್ತಿರ ಮುಂದಿನ ಬುಧವಾರಕ್ಕೆ ನಿಮ್ಮ ಹೆಸರು ಬರೆಸಿದ್ದೇನೆ, ನಾನೂ ರಜೆ ಹಾಕಿದ್ದೇನೆ. ಫೋನಿನಲ್ಲಾದರೆ "ಬರೇ ಕೆಮ್ಮ ಐತವ್ವಾ" ಎಂದು ಮಾತು ತೇಲಿಸುತ್ತೀರಿ, ಅದಕ್ಕೇ ಬರೆದೆ. ಅಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಮನೆಗೆ ಬರುತ್ತೇನೆ, ತಯಾರಾಗಿರಿ.

ನಿಮ್ಮ ಮಗಳು
ನೇತ್ರಾವತಿ