ನಿನ್ನ ಎತ್ತರಕ್ಕೊಂದು ಕಪಾಟು

ನವನಗರ, ಬಾಗಲಕೋಟೆ
೨೫-೧೦-೧೯೮೮

ಚಿ. ಸೌ. ಕುಮುದಿನಿಗೆ ನಿನ್ನ ಅತ್ತೆ ಮಥುರಾಬಾಯಿಯ ಮನಸಾರೆ ಆಶೀರ್ವಾದ.

ನಿನ್ನ ನಡುನೋವು ಹೇಗಿದೆ? ಮೊದಲು ಅದನ್ನು ಬರೆ. ನಿನ್ನ ತಂದೆ ಕೃಷ್ಣಾಜಿಯವರ ಕೆಮ್ಮು ಇಳಕಲ್ಲಿನ ಥಂಡಿಗೆ ಹೆಚ್ಚಾಗಿರಬೇಕು. ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳಲು ಹೇಳು. ಇಲ್ಲಿ ನಾವಿಬ್ಬರೂ ಇದ್ದೇವೆ, ಅಷ್ಟೆ. ನಿನ್ನ ಗಂಡ ಪಂಢರೀನಾಥ ನಾನು ಬಡಿಸಿದ್ದನ್ನು ಮಾತಿಲ್ಲದೆ ಉಂಡು ಕಚೇರಿಗೆ ಹೋಗುತ್ತಾನೆ. ಉಪ್ಪು ಒಂದು ಕಾಳು ಹೆಚ್ಚಾದರೆ ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದವನು! ಜಗಳಾಡಿದ್ದರೂ ಬೇಕಿತ್ತು, ಈ ಮೌನ ನನ್ನಿಂದ ತಡೆಯಲಾಗದು. ಪಂಚಮಿಗೆಂದು ತವರಿಗೆ ಹೋದವಳು ನೀನು. ದಸರೆ ಮುಗಿದು ದೀಪಾವಳಿ ಹತ್ತಿರ ಬಂತು.

ಇನ್ನು ಸುದ್ದಿ. ಅಡಿಗೆಮನೆಗೆ ಕಪಾಟು ಮಾಡಿಸುತ್ತಿದ್ದೇನೆ. ನಗಬೇಡ. ಬಡಿಗ ಅಹ್ಮದಸಾಬ ಬಂದ ದಿನವೇ ಹುಬ್ಬಳ್ಳಿಯಿಂದ ತಂದ ಸನ್ಮೈಕಾ ಚೂರುಗಳನ್ನು ಇಸ್ಪೀಟಿನ ಎಲೆಯಂತೆ ಹರಡಿದ. ಒಂದರ ಮೇಲೆ ಥೇಟ್ ಸಾಗವಾನಿಯ ಗೆರೆ, ಗಂಟು, ಎಲ್ಲ ಇದೆ. ಕೈಯಾಡಿಸಿದರೆ ಮಾತ್ರ ಊಟದ ತಾಟಿನಷ್ಟು ನುಣುಪು. “ಕಟ್ಟಿಗಿ ಮ್ಯಾಲೆ ಕಟ್ಟಿಗಿ ಚಿತ್ರಾ ಯಾಕ ಹಚ್ಚಬೇಕೋ ಸಾಬಾ?” ಎಂದೆ. “ಈಗ ಎಲ್ಲಾರೂ ಇದನ್ನ ಕೇಳ್ತಾರ್ರಿ ಬಾಯಾರ, ಒರಸಿದ್ರ ಸ್ವಚ್ಛ” ಎಂದ. ಎಲ್ಲರ ಮನೆ ಎಲ್ಲರಿಗಿರಲಿ ಎಂದು ಅವನನ್ನು ಹಿತ್ತಲಿಗೆ ಕರೆದೊಯ್ದು ಹಳೇ ಅಡಿಗೆಮನೆಯ ಬಾಗಿಲು, ಚೌಕಟ್ಟು ತೋರಿಸಿದೆ. ಹಳೇ ಊರು ಅಣೆಕಟ್ಟಿನ ನೀರಿಗೆ ಹೋಗುತ್ತದೆಂದು ಮನೆ ಬಿಡುವಾಗ ಬಿಚ್ಚಿ ತಂದೆವಲ್ಲ, ಅವೇ. ಒಂದು ತುದಿ ಹಿಡಿದು ಲಾರಿಗೆ ಏರಿಸಿದವಳು ನೀನೇ.

ಆತ ಮಸಿ ಕೀಸುತ್ತ ಹೋದಂತೆ ಒಳಗಿನ ಗೆರೆಗಳು ಕೆಂಪಗೆ ಎದ್ದು ಬಂದವು. ಅವುಗಳ ಹಿಂದೆಯೇ ನನಗೆ ಆ ಅಡಿಗೆಮನೆಯೂ ಎದ್ದು ಬಂತು. ನಾಗಂದಿಗೆಯ ಮೇಲೆ ಸಾಲಾಗಿ ಉಪ್ಪಿನಕಾಯಿ ಭರಣಿಗಳು, ಬೆಳಕಿಂಡಿಯಿಂದ ಹೊಗೆಯೊಳಗೆ ಬೀಳುವ ಬಿಸಿಲು, ಒಂದು ಮೊಣಕಾಲು ಎತ್ತಿ ಕೂತು ಭಕ್ಕರಿ ಬಡಿಯುವ ನಮ್ಮ ಅತ್ತೆ. ಆ ಬಡಿತದ ಸಪ್ಪಳ, ನಡುನಡುವೆ ಬಳೆಯ ಸಪ್ಪಳ, ಕೇಳಿ ಎಷ್ಟು ವರ್ಷವಾಯಿತು! ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಅಹ್ಮದಸಾಬ ಕೈ ನಿಲ್ಲಿಸಿದ. “ಬಾಯಾರ, ಇಲ್ಲೊಂದು ತಗ್ಗು ಬಿದ್ದೈತ್ರಿ. ಹುಳಾ ತಿಂದಿದ್ದಲ್ಲ. ಕೀಸಿ ಸಾಪ ಮಾಡ್ಲ್ಯಾ?” ಚೌಕಟ್ಟಿನಲ್ಲಿ ನೆಲದಿಂದ ಎರಡು ಅಡಿ ಮೇಲೆ, ನಾಲ್ಕು ಬೆರಳು ಕೂರುವಷ್ಟು ತಗ್ಗು. ಕೈಯಿಟ್ಟ ಕೂಡಲೇ ತಿಳಿಯಿತು. ಒಲೆಯ ಮುಂದಿನಿಂದ ಏಳುವಾಗ ನಾವು ಹಿಡಿಯುತ್ತಿದ್ದ ಜಾಗ ಅದು. ನಮ್ಮ ಅತ್ತೆ ಹಿಡಿದದ್ದು, ನಾನು ಹಿಡಿದದ್ದು, ನೀನು ಹಿಡಿದದ್ದು. ನಡು ಗಟ್ಟಿ ಇದ್ದವರು ಏಳಲು ಚೌಕಟ್ಟು ಹಿಡಿಯುತ್ತಾರೆಯೇ? ನಾನು ಇಪ್ಪತ್ತನೇ ವಯಸ್ಸಿಗೇ ಹಲ್ಲು ಕಚ್ಚಿ ಅದನ್ನು ಹಿಡಿದು ಏಳುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ನೀನು ಬಾಯಿಬಿಟ್ಟು ಹೇಳಿದೆ. ಹೊಸ ಮನೆಗೆ ಬಂದ ಮೇಲೂ ನಾನು ಒಲೆಯನ್ನು ನೆಲದಲ್ಲೇ ಹೂಡಿಸಿದಾಗ, “ಅತ್ತಿಯಾರ, ನನ್ನ ನಡಾ ಹೋಗ್ಯದ. ಕಟ್ಟಿ ಕಟ್ಟಿಸಿ ಒಲಿ ಮ್ಯಾಲೆ ಇಟ್ರ ಏನಾಗ್ತದ್ರಿ?” ಎಂದೆ ನೀನು. “ನಿಂತು ಅಡಿಗಿ ಮಾಡೋವ್ರು ಖಾನಾವಳಿಯವ್ರು, ಮನಿತನದವ್ರಲ್ಲ” ಎಂದುಬಿಟ್ಟೆ ನಾನು. ಆ ಮಾತು ನನ್ನದೂ ಅಲ್ಲ, ನಮ್ಮ ಅತ್ತೆಯದು. ಅವರು ಅಂದ ದಿನ ನಾನೂ ಹಿತ್ತಲಿಗೆ ಹೋಗಿ ಅತ್ತಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದಾಗ ಅದೇ ಮಾತನ್ನು ಎತ್ತಿ ನಿನ್ನ ಮೇಲೆ ಎಸೆದೆ. ತಗ್ಗು ಹಾಗೇ ಇರಲಿ ಎಂದು ಸಾಬನಿಗೆ ಹೇಳಿದೆ.

ಈಗ ಕಲ್ಲಿನ ಕಟ್ಟೆ, ಅದರ ಕೆಳಗೊಂದು, ಮೇಲೊಂದು ಕಪಾಟು ಮಾಡಿಸುವುದೆಂದು ಗೊತ್ತುಮಾಡಿದ್ದೇನೆ. ಗೆರೆ ಅಡ್ಡ ಬರಲೋ ಉದ್ದ ಬರಲೋ ಎಂದು ಕೇಳಿದ, ಉದ್ದ ಎಂದೆ. ಬಣ್ಣ ಬೇಡ, ಅಗಸಿ ಎಣ್ಣೆ ತಿಕ್ಕಿದರೆ ಸಾಕು, ಕಟ್ಟಿಗೆ ಕೈಗೆ ಕಟ್ಟಿಗೆಯಾಗಿಯೇ ಹತ್ತಬೇಕು ಎಂದೆ. ಎಲ್ಲಕ್ಕೂ ಪಟಪಟ ಉತ್ತರ ಕೊಟ್ಟೆ. ಕೊನೆಗೆ ಕೇಳಿದ: “ಅಡಿಗಿ ಮಾಡೋರ ಎತ್ತರ ಎಷ್ಟ್ರಿ? ಮೊಳಕೈಗಿಂತ ನಾಕು ಬೆರಳ ಕೆಳಗ ಕಟ್ಟಿ ಬರಬೇಕು.” ಆರು ವರ್ಷ ನಿನ್ನನ್ನು ಅಡಿಗೆಮನೆಯಲ್ಲಿ ಕೂತದ್ದನ್ನೇ ನೋಡಿದ್ದೇನೆ, ಅದೂ ತಲೆ ಬಗ್ಗಿಸಿ. ನಿನ್ನ ಎತ್ತರ ನನಗೆ ಗೊತ್ತಿಲ್ಲ, ಕುಮುದಿನಿ. ಪಂಢರಿಯನ್ನು ಕೇಳಿದರೆ ಒಮ್ಮೆ ತನ್ನ ಹೆಗಲು ತೋರಿಸಿದ, ಒಮ್ಮೆ ಕಿವಿ. ಭಾರೀ ಶಾಣ್ಯಾ ಗಂಡ ಸಿಕ್ಕಿದ್ದಾನೆ ನಿನಗೆ!

ನಿನ್ನ ತಂದೆ-ತಾಯಿಗೆ ನನ್ನ ನಮಸ್ಕಾರ ಹೇಳು. ಔಷಧ ತಪ್ಪಿಸಬೇಡ, ಭಾರ ಎತ್ತಬೇಡ. ನೂರು ವರ್ಷ ನೆಟ್ಟಗೆ ನಿಂತು ಬಾಳು.

ನಿನ್ನ ಅತ್ತೆ
ಮಥುರಾಬಾಯಿ

ತಾ.ಕ.: ಅಂಗಾಲಿನಿಂದ ಮೊಳಕೈವರೆಗೆ ಅಳೆದು ಗಂಟು ಹಾಕಿ ಕಳಿಸು ಎಂದು ಲಕೋಟೆಯಲ್ಲಿ ಒಂದು ದಾರ ಇಟ್ಟಿದ್ದೆ. ಅಹ್ಮದಸಾಬ ನೋಡಿ, “ದಾರ ಜಗ್ಗಿದ್ರ ಹಿಗ್ಗತೈತ್ರಿ ಬಾಯಾರ. ಅವ್ರು ಬಂದು ನಿಂತ್ರ ಅಳತಿ ತಪ್ಪೂದಿಲ್ಲ” ಎಂದ. ಇಷ್ಟುದ್ದ ಬರೆದರೂ ನನ್ನ ಕೈಯಿಂದ ಬಾರದ ಮಾತು ಅದೇ. ನನ್ನಿಂದ ತಪ್ಪಾಯಿತು, ಬಾ. ದಾರ ತೆಗೆದಿಟ್ಟಿದ್ದೇನೆ. ನೀನು ಬಂದು ನಿಂತ ಮೇಲೆಯೇ ಕಟ್ಟೆ ಕಟ್ಟಿಸುತ್ತೇನೆ.