ನಾರ್ಮಲ್ ಎಂದು ಬರೆದುಕೊಟ್ಟ ವೈದ್ಯಾಧಿಕಾರಿಗಳಿಗೆ

ಮಾನ್ಯ ವೈದ್ಯಾಧಿಕಾರಿಗಳೇ,

ನನಗೆ ಯಾವ ಕಾಯಿಲೆಯೂ ಇಲ್ಲವೆಂದು ತಾವು ಹೋದ ವಾರ ಬರೆದುಕೊಟ್ಟಿರಿ. ಓದಿ ಸಂತೋಷಪಡಬೇಕಿತ್ತು. ಆದರೆ ಅದನ್ನು ಓದುವಾಗ ನನ್ನ ಮೈಮೇಲೆ ಸ್ವೆಟರ್ ಇತ್ತು, ಅದೂ ಏಪ್ರಿಲ್ ತಿಂಗಳ ನಡು ಮಧ್ಯಾಹ್ನ, ಗೋಕಾಕದ ಬಸ್ ನಿಲ್ದಾಣದಲ್ಲಿ. ಪಕ್ಕದಲ್ಲಿ ಕುಳಿತ ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. ಸರಕಾರದ ಲೆಕ್ಕದಲ್ಲಿ ನಾನು ಪೂರ್ತಿ ಆರೋಗ್ಯವಂತಳು ಎಂದು ಅವರಿಗೆ ತಮ್ಮ ಸಹಿ ತೋರಿಸಬೇಕೆನಿಸಿತು. ಖಾಸಗಿಯಾಗಿ ಬರೆದರೆ ಈ ಪತ್ರ ತಮ್ಮ ಕಚೇರಿಯ ಯಾವುದೋ ಕಪಾಟಿನಲ್ಲಿ ಸುಖವಾಗಿ ಮಲಗುತ್ತದೆ. ಆದ್ದರಿಂದ ಪತ್ರಿಕೆಗೆ ಕಳಿಸುತ್ತಿದ್ದೇನೆ, ಕ್ಷಮೆಯಿರಲಿ.

ನಾನು ಕೌಜಲಗಿಯ ಆಚೆಗಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೊರಳಿನ ಥೈರಾಯ್ಡ್ ಗ್ರಂಥಿ ಮಂದವಾಗಿದೆ ಎಂದು ಎರಡು ವರ್ಷದ ಹಿಂದೆ ಗೊತ್ತಾಯಿತು. ಅಂದಿನಿಂದ ಗುಳಿಗೆ ನುಂಗುತ್ತಿದ್ದೇನೆ. ನನ್ನ ರಕ್ತ ಬೆಳಗಾವಿಗೆ ಹೋಗುತ್ತದೆ, ಅಲ್ಲಿಂದ ಒಂದು ಅಂಕಿ ಬರುತ್ತದೆ, ಅಂಕಿ ಚೆನ್ನಾಗಿದೆ. ಚೆನ್ನಾಗಿಲ್ಲದಿರುವುದು ನಾನು. ಬೆಳಿಗ್ಗೆ ಏಳುವಾಗಲೇ ಇಡೀ ದಿನ ದುಡಿದು ಬಂದಷ್ಟು ದಣಿವು, ಸುಡುಬಿಸಿಲಲ್ಲೂ ಚಳಿ. ದನಿ ಗೊಗ್ಗರಾಗಿದೆ, ಪದ್ಯ ಹೇಳಿಕೊಡಲು ಹೋದರೆ ಮಕ್ಕಳು ನಗು ತಡೆದುಕೊಳ್ಳುತ್ತಾರೆ. ಮುಖ ಊದಿದ್ದನ್ನು ಕಂಡು ಓಣಿಯವರು ಮೈ ಕೈ ತುಂಬಿಕೊಂಡಿದ್ದೀರಿ ಎಂದು ಮೆಚ್ಚುತ್ತಾರೆ. ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ, ಏಳರ ಮಗ್ಗಿ ಹೇಳಿಸುತ್ತ ಹೇಳಿಸುತ್ತ ಮುಂದಿನದು ನನಗೇ ಹೊಳೆಯಲಿಲ್ಲ. ಮಕ್ಕಳು ನಿಲ್ಲದೆ ತಾವೇ ಹೇಳಿಕೊಂಡು ಹೋದರು. ನಾನು ಏನೋ ಬರೆಯುವವಳಂತೆ ಬೋರ್ಡಿನ ಕಡೆ ತಿರುಗಿ ನಿಂತೆ. ಅವತ್ತು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಫೆಬ್ರುವರಿಯಲ್ಲಿ ತಪಾಸಣೆಗೆಂದು ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೇ ನಿದ್ದೆ ಹೋಗಿದ್ದೆ. ಮುಚ್ಚಿಡುವುದೇನಿದೆ, ಹೋಗಿದ್ದೆ. ಮೂರನೇ ತರಗತಿಯ ಮಕ್ಕಳು ಯಾರೂ ಹೇಳದೆಯೇ ಬಾಯಿ ಮುಚ್ಚಿಕೊಂಡು ಬರೆಯುತ್ತ ಕೂತಿದ್ದರಂತೆ. ರಾಜೇಶ್ವರಿ ಎಂಬ ಹುಡುಗಿ ಎದ್ದುಹೋಗಿ ಸಾಹೇಬರನ್ನು ಬಾಗಿಲಲ್ಲೇ ತಡೆದಳಂತೆ. "ಸಪ್ಪಳ ಮಾಡಬ್ಯಾಡ್ರಿ ಸಾಹೇಬ್ರ, ನಮ್ಮ ಅಕ್ಕೋರಿಗೆ ಆರಾಮ ಇಲ್ರಿ." ಆಮೇಲೆ ಇದನ್ನು ನನಗೆ ಹೇಳಿದ ಮುಖ್ಯೋಪಾಧ್ಯಾಯ ಮುರಿಗೆಪ್ಪನವರ ಕಣ್ಣು ತುಂಬಿತ್ತು. ಸಾಹೇಬರಿಗೆ ಬೇರೆಯೇ ಕಂಡಿತು. ಶಿಕ್ಷಕಿಯು ತಮ್ಮ ನಿದ್ದೆಗೆ ಮಕ್ಕಳನ್ನು ಕಾವಲಿಟ್ಟಿದ್ದಾರೆ ಎಂದು ವರದಿ ಹೋಯಿತು, ಕರ್ತವ್ಯಲೋಪದ ವಿಚಾರಣೆಗೆ ನೋಟೀಸು ಬಂತು. ಕಾಯಿಲೆಯಿದ್ದರೆ ವೈದ್ಯಾಧಿಕಾರಿಗಳಿಂದ ಬರೆಸಿಕೊಂಡು ಬನ್ನಿ, ಇಲ್ಲವಾದರೆ ಅಮಾನತು ಎಂದರು. ಹಾಗೆ ನಾನು ತಮ್ಮ ಬಾಗಿಲಿಗೆ ಬಂದೆ.

ತಾವು ನನ್ನನ್ನು ಪರೀಕ್ಷಿಸಿದ ರೀತಿ ನಾಡಿಗೆ ತಿಳಿಯಲಿ. ರಿಪೋರ್ಟನ್ನು ಬೆಳಕಿಗೆ ಹಿಡಿದು ನೋಡಿದಿರಿ, ತಿರುಗಿಸಿ ನೋಡಿದಿರಿ. ಆ ಕಾಗದದ ಯೋಗಕ್ಷೇಮವನ್ನು ಅಷ್ಟು ವಿಚಾರಿಸಿದ ತಾವು ನನ್ನ ಕಡೆ ಒಮ್ಮೆಯಾದರೂ ತಲೆಯೆತ್ತಿದಿರಾ? ನಾಡಿ ಹಿಡಿದಿರಾ, ಕೊರಳು ಮುಟ್ಟಿದಿರಾ? "ಏನೂ ಇಲ್ರಿ ಟೀಚರ, ಎಲ್ಲಾ ನಾರ್ಮಲ್ ಐತಿ. ಈ ವಯಸ್ಸಿನ್ಯಾಗ ಹೆಣ್ಮಕ್ಕಳು ಮನಸ್ಸಿಗೆ ಹಚ್ಕೊಳ್ಳೋದು ಭಾಳ" ಎಂದಿರಿ. ದಿನವೂ ವಾಕಿಂಗ್ ಮಾಡಲು ಹೇಳಿದಿರಿ. ಬಸ್ಸಿಳಿದು ಕಬ್ಬಿನ ಹೊಲಗಳ ನಡುವೆ ಶಾಲೆಯವರೆಗೆ ನಾನು ದಿನವೂ ನಡೆಯುತ್ತೇನೆ, ಅದಕ್ಕೆ ನಮ್ಮ ಕಡೆ ನೌಕರಿ ಎನ್ನುತ್ತಾರೆ. ನಮ್ಮ ಜೈನರ ನೇಮ ಉಪವಾಸಗಳೇ ಈ ಸುಸ್ತಿಗೆ ಕಾರಣವೆಂದೂ ನಗುತ್ತ ಅಂದಿರಿ. ಈ ಮಾತನ್ನು ಮಾತ್ರ ನುಂಗಿಕೊಳ್ಳಲಾರೆ.

ಮದುವೆಯಾಗಿ ಬಂದ ವರ್ಷ ಅತ್ತೆಯವರ ಜೊತೆ ನಾನೂ ನೇಮ ಹಿಡಿದೆ. ಹೊತ್ತು ಮುಳುಗಿದ ಮೇಲೆ ಮರುದಿನ ಹೊತ್ತು ಮೂಡುವವರೆಗೆ ಬಾಯಿಗೆ ಹನಿ ನೀರೂ ಇಲ್ಲ. ಬಾಣಂತನದಲ್ಲೂ ಬಿಟ್ಟವಳಲ್ಲ. ಆದರೆ ಈ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಒಂದು ತಾಸು ಏನೂ ತಿನ್ನಬಾರದು. ನನ್ನ ಬಸ್ಸು ಏಳೂವರೆಗೆ, ಚಳಿಗಾಲದಲ್ಲಿ ಸೂರ್ಯ ಬರುವುದು ಏಳಕ್ಕೆ. ಹಾಗಾಗಿ ಗುಳಿಗೆ, ಚಹಾ, ರೊಟ್ಟಿ ಎಲ್ಲವನ್ನೂ ಒಟ್ಟಿಗೆ ನುಂಗಿ ಓಡುತ್ತಿದ್ದೆ. ಹೀಗಾದರೆ ಗುಳಿಗೆ ಮೈಗೆ ಹತ್ತುವುದಿಲ್ಲ, ನಸುಕಿನಲ್ಲೇ ತೆಗೆದುಕೊಳ್ಳಿ ಎಂದು ಅದನ್ನು ಬರೆದುಕೊಟ್ಟ ಡಾಕ್ಟರು ಹೇಳಿದರು. ನನ್ನಿಂದ ಆಗಲಿಲ್ಲ. ಎಷ್ಟೋ ದಿನ ಒದ್ದಾಡಿದೆ. ಕೊನೆಗೆ ಒಂದು ನಸುಕಿನಲ್ಲಿ ನೀರಿನ ತಂಬಿಗೆ ತಂದು ನನ್ನ ಮುಂದೆ ಇಟ್ಟವರು ಅತ್ತೆಯವರೇ. "ತಗೋ ರಾಜಮತಿ. ಪಾಪ ಬಂದ್ರ ನನಗ ಬರಲಿ, ನೀ ಆರಾಮ ಆಗು." ಅವರ ಮುಖ ನೋಡಲಾಗದೆ ಗೋಡೆಗೆ ತಿರುಗಿ ನುಂಗಿದೆ. ಅದಾದ ಮೇಲೆಯೇ ಅಂಕಿ ನಾರ್ಮಲ್ ಆದದ್ದು. ನಾನು ಇದ್ದಲ್ಲೇ ಇದ್ದೇನೆ. ಈಗಲೂ ಅತ್ತೆ ದಿನಾ ಸಂಜೆ ಕೇಳುತ್ತಾರೆ, ಇವತ್ತು ಮೈ ಹಗುರ ಅನಿಸಿತೇ ಎಂದು. ನಾನು ಹೂಂ ಅನ್ನುತ್ತೇನೆ. ಇಲ್ಲವೆಂದರೆ ಆ ಜೀವ ನನಗಾಗಿ ಹೊತ್ತುಕೊಂಡ ಪಾಪ ದಂಡವಾಯಿತೆಂದು ಹೇಳಿದಂತಾಗುತ್ತದೆ.

ಮಾನ್ಯರೇ, ಅಂಕಿ ಸರಿಯಿದೆ ಎಂಬುದಕ್ಕೂ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ ಎಂಬುದಕ್ಕೂ ನಡುವೆ ಬೇರೇನೂ ಇರಲು ಸಾಧ್ಯವೇ ಇಲ್ಲವೇ? ಬೆಳಗಾವಿಯ ಯಂತ್ರ ನನ್ನ ರಕ್ತದ ಬಗ್ಗೆ ಹೇಳಿತು. ನನ್ನ ಬಗ್ಗೆ ಅದು ಏನನ್ನೂ ಹೇಳಿಲ್ಲ, ಹೇಳಿದವರು ತಾವು. ತಮ್ಮ ಕೈಯಲ್ಲಿ ನಾರ್ಮಲ್ ಆಗಿದ್ದ ಶಬ್ದ ವಿಚಾರಣೆಯ ಮೇಜಿಗೆ ಹೋದರೆ ಸೋಮಾರಿ ಎಂದಾಗುತ್ತದೆ. ಇಷ್ಟು ವರ್ಷ ಪಾಠ ಮಾಡಿದವಳು ಆ ಹಣೆಪಟ್ಟಿ ಹಚ್ಚಿಕೊಂಡು ಮನೆಗೆ ಹೋಗಬೇಕೇ? ಯೋಚಿಸಿದರೆ ಕೂತಲ್ಲಿ ಕೂರಲಾಗುವುದಿಲ್ಲ, ಏಳಲು ಶಕ್ತಿಯಿಲ್ಲ.

ವಿಚಾರಣೆ ಬರುವ ಸೋಮವಾರ. ಇಲ್ಲದ ರೋಗ ಬರೆದುಕೊಡಿ ಎಂದು ನಾನು ಕೇಳುತ್ತಿಲ್ಲ. ಸೋಮವಾರದೊಳಗೆ ನನ್ನನ್ನು ಮತ್ತೊಮ್ಮೆ ಕರೆಸಿ, ಎದುರಿಗೆ ಕೂರಿಸಿಕೊಂಡು, ನಾನು ಹೇಳುವುದನ್ನು ಪೂರ್ತಿ ಕೇಳಿ ಬರೆದುಕೊಳ್ಳಿ. ಅಂಕಿ ಸರಿಯಿದೆ ಎಂಬುದನ್ನೂ ಬರೆಯಿರಿ. ಅದರ ಕೆಳಗೆ, ಹೀಗಿದ್ದರೂ ಈಕೆಗೆ ಏಕೆ ಆರಾಮವಿಲ್ಲ ಎಂಬುದು ನನಗೆ ಗೊತ್ತಿಲ್ಲ ಎಂದು ಬರೆದು ಸಹಿ ಮಾಡಿ. ನನ್ನ ತರಗತಿಯಲ್ಲಿ ಗೊತ್ತಿಲ್ಲವೆಂದು ಎದ್ದುನಿಂತು ಹೇಳಿದ ಮಗುವಿಗೆ ನಾನು ಎಂದೂ ಹೊಡೆದಿಲ್ಲ. ತಮಗೂ ಯಾರೂ ಹೊಡೆಯುವುದಿಲ್ಲ.

ಇಂತಿ,
ಕಾಗದದ ಮೇಲೆ ಆರಾಮವಾಗಿರುವ
ರಾಜಮತಿ, ಸಹಶಿಕ್ಷಕಿ
ಗೋಕಾಕ, ಏಪ್ರಿಲ್ ೨೦೦೪