ಡೋನಾಳ ಅಂಗಳದಲ್ಲಿ ಒಡೆದ ಮಡಕೆ

ಟೆಟೆ,
ಜೂನ್ ಒಂಬತ್ತು

ಮುದ್ದು ಅನಿಸೆತಾ,

ನಿನ್ನ ಪ್ರಬಂಧವನ್ನು ಸಂತೆಯಲ್ಲಿ ಗಿರಾಕಿಗಳ ನಡುವೆ ಮೂರು ದಿನ ಕೂತು ಓದಿದೆ. ಇನ್ನೂರು ಪುಟದಲ್ಲಿ ನಮ್ಮ ಮನೆತನದ ಹಳೇ ಕಾಲದ ನ್ಯಾಂಬಿರಿ ಅಜ್ಜಿಗೆ ಸಿಕ್ಕಿದ್ದು ನಾಲ್ಕು. ಆ ನಾಲ್ಕೂ ತಪ್ಪು. ತಪ್ಪು ನಿನ್ನದಲ್ಲ, ನನ್ನದು. ಗುರುವಾರ ನೀನು ಪರೀಕ್ಷಕರ ಮುಂದೆ ನಿಲ್ಲುವ ಮೊದಲೇ ತಲುಪಲಿ ಎಂದು ಈ ಕಾಗದವನ್ನು ಬಸ್ ಡ್ರೈವರನ ಕೈಯಲ್ಲಿ ಕಳಿಸುತ್ತಿದ್ದೇನೆ.

ಹೋದ ವರ್ಷ ನೀನೇ ಕಳಿಸಿದ ಇಬ್ಬರು ಮೇಷ್ಟ್ರುಗಳು ನೆನಪಿರಬೇಕಲ್ಲ, ಒಬ್ಬರು ಲಿಸ್ಬನ್ನಿನವರು, ಇನ್ನೊಬ್ಬರು ಮಪುಟೊದವರು. ಬರಗಾಲದಲ್ಲಿ ಹಸಿದವರು ಜಮೀನಿನ ಒಡತಿ ಡೋನಾಳ ಅಂಗಳಕ್ಕೆ ಹೋಗಿ, ಅವಳದೊಂದು ಮಡಕೆ ಒಡೆದು, ಆ ತಪ್ಪಿಗೆ ಅವಳ ಗುಲಾಮರಾಗಿ ಅನ್ನ ಕಾಣುತ್ತಿದ್ದುದನ್ನು, ನ್ಯಾಂಬಿರಿಯೂ ಹಾಗೇ ಮಾಡಿದ್ದನ್ನು ನಾನು ಹೇಳಿದೆ. ಲಿಸ್ಬನ್ನಿನವರಿಗೆ ಖುಷಿಯೋ ಖುಷಿ.

"ನೋಡಿ, ಅವಳಾಗೇ ಬಂದು ಒಡೆದಿದಾಳೆ. ಇದು ಆಶ್ರಯ ಕೇಳೋ ರೀತಿ ಕಣ್ರೀ, ಗುಲಾಮಗಿರಿ ಅಲ್ಲ," ಎಂದರು.

ಮಪುಟೊದವರು ಬಿಡಲಿಲ್ಲ. "ನೀವು ನಾಲ್ಕು ದಿನ ಉಪವಾಸ ಇದ್ದು ಬನ್ನಿ ಸಾರ್, ಆಮೇಲೆ ಯಾರು ತಾನಾಗೇ ಒಡೆದ್ರು ಅಂತ ಮಾತಾಡೋಣ."

ಇಬ್ಬರೂ ನನ್ನ ಒಣಮೀನಿನ ಚಾಪೆ ತುಳಿದುಕೊಂಡೇ ವಾದ ಮಾಡಿದರು. ನಾನು ಒಬ್ಬರಿಗೆ ಹೌದೆಂದೆ, ಇನ್ನೊಬ್ಬರಿಗೂ ಹೌದೆಂದೆ. ಮೂವತ್ತು ವರ್ಷ ವ್ಯಾಪಾರ ಮಾಡಿದವಳಿಗೆ ಅದೇನು ಕಷ್ಟ? ನೀನು ಇಬ್ಬರನ್ನೂ ತೂಗಿ, "ಆಕೆ ಆಯ್ದುಕೊಂಡಳು" ಎಂದು ಬರೆದೆ.

ನನ್ನ ಅಜ್ಜಿ ಸಾಯುವ ಮುಂಚೆ ಹೇಳಿದ್ದು ಬೇರೆ. ಆ ದಿನ ನ್ಯಾಂಬಿರಿ ಒಬ್ಬಳೇ ಹೋಗಿರಲಿಲ್ಲ. ಅವಳ ಅಣ್ಣ ಕರೆದುಕೊಂಡು ಹೋಗಿದ್ದ. ನೀರು ಕುಡಿಯುವ ನೆಪದಲ್ಲಿ ಮಡಕೆ ಎತ್ತಿ ಅವಳ ಕೈಗೆ ಕೊಟ್ಟವನು ಅವನೇ. "ಗಟ್ಟಿಯಾಗಿ ಹಿಡ್ಕೋಬೇಡ ತಂಗಿ," ಎಂದನಂತೆ. ಮಡಕೆ ಬಿತ್ತು. ಅವಳು ಒಳಗೆ ಹೋದಳು, ಅವನು ಎರಡು ಬುಟ್ಟಿ ಜೋಳ ಹೊತ್ತು ಹೊರಗೆ ಬಂದ.

ಇಬ್ಬರು ಪಂಡಿತರೂ ಡೋನಾಳನ್ನು ನೋಡಿದರು, ನ್ಯಾಂಬಿರಿಯನ್ನು ನೋಡಿದರು. ಹಿಂದೆ ನಿಂತವನನ್ನು ನಾನೇ ಮರೆಮಾಡಿದ್ದೆ. ಪರೀಕ್ಷಕರು ಬೈದರೆ ಬೈಸಿಕೋ, ಇನ್ನೊಂದು ವರ್ಷ ಬರೆಯಬೇಕಾದರೆ ಬರೆ. ಖರ್ಚು ನನ್ನದು.

ಒಣಮೀನು ಕಟ್ಟಿ ಕಳಿಸಿದ್ದೇನೆ.

ನಿನ್ನನ್ನೇ ನೆನೆಯುತ್ತಿರುವ
ಅಮ್ಮ, ಲೂಡೊವಿನಾ

ಮರೆತಿದ್ದು: ಮೊದಲ ಪುಟದಲ್ಲಿ "ನನ್ನ ಮೂಲದ ತಾಯಿ ನ್ಯಾಂಬಿರಿಗೆ" ಎಂದು ಅರ್ಪಿಸಿದ್ದೀಯ. ಅದನ್ನೂ ತಿದ್ದು. ಅವಳು ಮಕ್ಕಳಿಲ್ಲದೆ ಆ ಅಂಗಳದಲ್ಲೇ ತೀರಿಕೊಂಡಳು. ನಾವು ಆ ಜೋಳ ಉಂಡು ಬದುಕಿದ ಅಣ್ಣನ ಮಕ್ಕಳ ಮಕ್ಕಳು.